ಲಂಕೆಯ ಪಿರಿತ್ ನೂಲು

ಸಿಂಹಳದ ಬೌದ್ಧರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಬಿಳಿಯ ದಾರಕ್ಕೆ ‘ಪಿರಿತ್ ನೂಲ’ ಎಂದು ಹೆಸರು. ಎರಡನೆಯ ಮಾತು ನಮ್ಮ ಕಿವಿಗೆ ನೂಲೆಂದೇ ಕೇಳಿಸುತ್ತದೆ. ಮೊದಲನೆಯದು ಪಾಳಿಯ ‘ಪರಿತ್ತ’, ಎಂದರೆ ರಕ್ಷೆ. ಭಿಕ್ಷುಗಳು ರಕ್ಷಾರ್ಥವಾಗಿ ಪಠಿಸುವ ರತನಸುತ್ತ, ಮಂಗಲಸುತ್ತ, ಮೆತ್ತಸುತ್ತ ಮೊದಲಾದವುಗಳಿಗೂ ಇದೇ ಹೆಸರು ಸಲ್ಲುವುದು. ಪಾಳಿಯಲ್ಲಿ ‘ಸುತ್ತ’ವೆಂದರೆ ಉಪದೇಶವೂ ಹೌದು, ದಾರವೂ ಹೌದು.

ದೊಡ್ಡ ಪಿರಿತ್ ರಾತ್ರಿಯೆಲ್ಲ ನಡೆಯುತ್ತದೆ. ಅಲಂಕೃತವಾದ ಮಂಟಪದ ನಡುವೆ ಧಾತುಕರಂಡಕವನ್ನೂ ಪಿರಿತ್ ಗ್ರಂಥವನ್ನೂ ನೀರಿನ ಕಲಶವನ್ನೂ ಇರಿಸುತ್ತಾರೆ. ಅಲ್ಲಿಂದ ಹೊರಟ ದಾರವು ಭಿಕ್ಷುಗಳ ಕೈಗಳನ್ನು ಹಾದು, ಸುತ್ತ ಕುಳಿತ ಶ್ರೋತೃಗಳಿಗೆ ಕೈಯಿಂದ ಕೈಗೆ ಬರುತ್ತದೆ. ಬೆಳಗಾದ ಮೇಲೆ ನೀರನ್ನು ಪ್ರೋಕ್ಷಿಸಿ, ದಾರವನ್ನು ತುಂಡುಮಾಡಿ ಒಬ್ಬೊಬ್ಬರಿಗೂ ಕಟ್ಟುವರು. ನೆರೆದವರೆಲ್ಲರೂ ಹಿಡಿದಿದ್ದ ಒಂದೇ ದಾರದ ತುಂಡಿದು ಎಂಬುದನ್ನು ಮರೆತರೆ ಅದರ ಅರ್ಥದಲ್ಲಿ ಅರ್ಧ ಹೋದಂತೆಯೇ.

ಇದು ಬುದ್ಧವಿಹಿತವಾದ ಆಚಾರವೇ? ರತನಸುತ್ತದ ಉತ್ಪತ್ತಿಯನ್ನು ಹೇಳುವ ವೈಶಾಲಿಯ ಕಥೆಯಲ್ಲಿ ಆನಂದನು ಕ್ಷಾಮರೋಗಗಳಿಂದ ನೊಂದ ಊರಿನಲ್ಲಿ ಸುತ್ತವನ್ನು ಪಠಿಸುತ್ತ ಪಾತ್ರೆಯ ನೀರನ್ನು ಚಿಮುಕಿಸಿದನು. ಅಲ್ಲಿ ಕಾಣುವುದು ನೀರು, ದಾರವಲ್ಲ. ದಾರವನ್ನು ಕಾಣಬೇಕಾದರೆ ಕ್ರಿ. ಶ. 5ನೆಯ ಶತಮಾನದ ಸುಮಾರಿನ ಮಹಾವಂಸದ 7ನೆಯ ಪರಿಚ್ಛೇದಕ್ಕೆ ಬರಬೇಕು. ವಿಜಯನೂ ಅವನ ಅನುಚರರೂ ಲಂಕೆಯಲ್ಲಿಳಿದಾಗ, ಉತ್ಪಲವರ್ಣನೆಂಬ ದೇವನು ಪರಿವ್ರಾಜಕನ ವೇಷದಲ್ಲಿ ಮರದ ಬುಡದಲ್ಲಿ ಕುಳಿತಿದ್ದು, ಕಮಂಡಲುವಿನ ನೀರನ್ನು ಅವರ ಮೇಲೆ ಚಿಮುಕಿಸಿ ಕೈಗಳಿಗೆ ದಾರವನ್ನು ಕಟ್ಟಿ ಮಾಯವಾದನಂತೆ. ಬಳಿಕ ಅನುಚರನೊಬ್ಬನು ಯಕ್ಷಿಣಿ ಕುವಣ್ಣೆಯ ಕೈಗೆ ಸಿಕ್ಕಿದನು. ಅವಳೂ ಮರದಡಿಯಲ್ಲಿ ತಾಪಸಿಯಂತೆ ಕುಳಿತು ನೂಲುತ್ತಿದ್ದಳೆಂಬುದು ಕವಿಯ ಸೊಗಸಾದ ಕಲ್ಪನೆ! ದಾರದ ತೇಜಸ್ಸಿನಿಂದ ಅವಳು ಅವನನ್ನು ತಿನ್ನಲಾರದೆ ಹೋದಳು. ಬೇಡಿದರೂ ಅವನು ಅದನ್ನು ಕೊಡಲಿಲ್ಲ. ಆದರೂ ಅವನನ್ನು ಹಿಡಿದು ಬಿಲದೊಳಗೆ ಎಸೆದಳು. ಹೀಗೆಯೇ ಒಬ್ಬೊಬ್ಬರಾಗಿ 700 ಮಂದಿಯೂ ಸೆರೆಯಾದರು.

ಇದು ಐತಿಹ್ಯವೇ ಹೊರತು ಚರಿತ್ರೆಯಲ್ಲ. ಆದರೂ ಗ್ರಂಥಕಾರನು ‘ಪರಿತ್ತಸುತ್ತ’ವೆಂಬ ಮಾತನ್ನೇ ಬಳಸಿರುವುದರಿಂದ ಅವನ ಕಾಲಕ್ಕೆ ಈ ದಾರವು ಸುಪರಿಚಿತವಾಗಿದ್ದಿತೆನ್ನಬಹುದು. ಅದನ್ನು ಕಟ್ಟಿದವನು ಭಿಕ್ಷುವಲ್ಲ, ದೇವನು. ಮದುವೆಯ ಕಂಕಣವನ್ನು ಬಲ್ಲ ನಮಗೆ ಇದು ಗಮನಾರ್ಹ: ಜನರಲ್ಲಿ ಮೊದಲೇ ಇದ್ದ ರಕ್ಷಾಬಂಧನವನ್ನು ಸಂಘವು ತಳ್ಳಿಹಾಕದೆ, ತನ್ನ ಪಠನಕ್ಕೆ ಜೋಡಿಸಿಕೊಂಡಿತೆಂದು ನನ್ನ ಊಹೆ.

ದಾರವು ಸಾವನ್ನು ತಡೆಯಿತು, ಸೆರೆಯನ್ನು ತಡೆಯಲಿಲ್ಲ. ಈ ಮಿತಿ ಕಥೆಗಾರನ ಅಜಾಗ್ರತೆಯಲ್ಲ. ಮೃತ್ಯುವಿನಿಂದ ತಪ್ಪಿಸಿಕೊಳ್ಳುವ ಎಡೆಯೇ ಇಲ್ಲವೆಂದ ಮೇಲೆ ಪರಿತ್ತವೇಕೆಂದು ಮಿಲಿಂದಪಞ್ಹದಲ್ಲಿ ಅರಸನು ಕೇಳುತ್ತಾನೆ. ಆಯುಸ್ಸು ಉಳಿದವನಿಗೆ ಮಾತ್ರ ಅದು ರಕ್ಷೆ, ಒಣಗಿದ ಮರಕ್ಕೆ ನೀರೆರೆದರೆ ಚಿಗುರದೆಂದು ನಾಗಸೇನನ ಉತ್ತರ. ಕರ್ಮ, ಕ್ಲೇಶ, ಅಶ್ರದ್ಧೆ ಇವು ಮೂರೂ ಅದರ ಫಲಕ್ಕೆ ಅಡ್ಡಿಯೆಂದೂ ಅವನು ಹೇಳುತ್ತಾನೆ. ಈ ಮಾತುಗಳನ್ನು ಓದದ ಗೃಹಸ್ಥರೂ ಬಸುರಿಯ ಕ್ಷೇಮಕ್ಕಾಗಿ, ಹೊಸ ಮನೆಯ ಪ್ರವೇಶಕ್ಕಾಗಿ ಪಿರಿತ್ ಮಾಡಿಸುತ್ತಾರೆ. ಕಟ್ಟಿಸಿಕೊಂಡ ನೂಲನ್ನು ಹಲವರು ತಾವಾಗಿ ಬಿಚ್ಚದೆ, ಅದು ಸವೆದು ಬೀಳುವ ತನಕ ಕೈಯಲ್ಲಿಯೇ ಬಿಡುತ್ತಾರೆ.