ವಜ್ರಲೇಪದಿಂದ ಬೆಲ್ಲದ ಗಾರೆಯವರೆಗೆ

ಅಳಿಸಲಾಗದ್ದು, ಬಿಡಿಸಲಾಗದ್ದು ಎಂಬರ್ಥದಲ್ಲಿ ಕನ್ನಡದಲ್ಲಿ ಉಳಿದಿರುವ ‘ವಜ್ರಲೇಪ’ ಮೂಲತಃ ಒಂದು ಅಂಟುಪಾಕದ ಹೆಸರು. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಎಳೆಯ ತಿಂದುಕದ ಕಾಯಿ, ಬೇಲದ ಕಾಯಿ, ಬೂರುಗದ ಹೂವು, ಸಲ್ಲಕಿಯ ಬೀಜ, ಧನ್ವನದ ತೊಗಟೆ, ಬಜೆ ಇವನ್ನು ಒಂದು ದ್ರೋಣ ನೀರಿನಲ್ಲಿ ಎಂಟರಲ್ಲೊಂದು ಭಾಗ ಉಳಿಯುವಂತೆ ಕುದಿಸಬೇಕು. ಬಳಿಕ ಗುಗ್ಗುಳ, ರಾಳ, ಅಗಸೆ, ಬಿಲ್ವ ಮೊದಲಾದುವನ್ನು ಬೆರೆಸಿ ಬಿಸಿಯಿರುವಾಗಲೇ ಗೋಡೆಗೆ, ಬಾವಿಗೆ, ವಿಗ್ರಹಕ್ಕೆ ಬಳಿಯಬೇಕು. ಕೋಟಿ ವರ್ಷ ಬಾಳುವುದೆಂಬುದು ಅವನ ಭರವಸೆ! ಅದೇ ಅಧ್ಯಾಯದ ಇನ್ನೊಂದು ಪಾಕಕ್ಕೆ ಪ್ರಾಣಿಗಳ ಕೊಂಬು, ತೊಗಲುಗಳೂ ಬೇಕಾಗುತ್ತವೆ.

ಹಳೆಯ ಕಟ್ಟಡವೆಂದೊಡನೆ ಬೆಲ್ಲ ಮತ್ತು ಕೋಳಿಮೊಟ್ಟೆಯ ಕಥೆಯನ್ನು ಹೇಳುವ ರೂಢಿ ಇಂದು ಬೆಳೆದಿದೆ. ಮೂಡುಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಗೆ (1430) ಈ ಕಥೆಯನ್ನು ಅಂಟಿಸುವುದು ಸಲ್ಲದು. ಅಲ್ಲಿನ ಕಂಬ, ತೊಲೆ, ಚಪ್ಪಡಿಗಳ ನಿಲುವು ಕಲ್ಲಿನ ಭಾರ ಮತ್ತು ಜೋಡಣೆಯಿಂದ ಬಂದದ್ದು. ಕಾರ್ಕಳ (1432), ವೇಣೂರುಗಳ (1604) ಬಾಹುಬಲಿ ಮೂರ್ತಿಗಳಂತೂ ಏಕಶಿಲೆಯವು. ಗಾರೆಯ ಚರಿತ್ರೆಯನ್ನು ಹುಡುಕಬೇಕಾದುದು ಮುರಕಲ್ಲಿನ ಗೋಡೆಗಳಲ್ಲಿ.

ಚಾರ್ಮಾಡಿ ಘಟ್ಟದ ಬುಡದ ಮುಂಡಾಜೆಯಂತಹ ಊರಿನಲ್ಲಿ ಮಳೆಗಾಲವನ್ನು ತಡೆದುಕೊಳ್ಳುವುದೇ ಗೋಡೆಗೆ ಮೊದಲ ಪರೀಕ್ಷೆ. ಅಳಿವೆಯ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುವುದು ಕರಾವಳಿಯ ಕಸುಬು. ಕರಾವಳಿಗೂ ಘಟ್ಟಕ್ಕೂ ನಡುವಿನ ವ್ಯಾಪಾರದ ನೆಲೆಯಾಗಿದ್ದುದು ನೇತ್ರಾವತಿಯ ದಂಡೆಯ ಬಂಟ್ವಾಳ. ದಕ್ಷಿಣ ಭಾರತದ ಗಾರೆಯವರು ಸುಣ್ಣ, ಮರಳುಗಳಿಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸುತ್ತಿದ್ದರು. ಕೇರಳದಲ್ಲಿ ಕುಳಮಾವಿನ, ಅಂದರೆ ನಮ್ಮ ಗುಳಮಾವಿನ, ತೊಗಟೆಯ ಲೋಳೆಯೂ ಗಾರೆಗೆ ಸೇರುತ್ತಿತ್ತು. ಬೆಲ್ಲದ ಸಕ್ಕರೆ ಸುಣ್ಣವನ್ನು ನೀರಿನಲ್ಲಿ ಹೆಚ್ಚು ಕರಗಿಸುತ್ತದೆ. ಲೋಳೆಯು ತೇವವನ್ನು ಹಿಡಿದಿಟ್ಟು, ಗಾರೆ ಬಿರುಕುಬಿಡದೆ ನಿಧಾನವಾಗಿ ಗಾಳಿಯ ಇಂಗಾಲಾಮ್ಲವನ್ನು ಹೀರಿ ಕಲ್ಲಾಗಲು ನೆರವಾಗುತ್ತದೆ. ಚೀನಾದಲ್ಲಿ ಇದೇ ಕೆಲಸಕ್ಕೆ ಅಂಟಕ್ಕಿಯ ಗಂಜಿಯನ್ನು ಬಳಸಿದರು.

ಸಿಮೆಂಟಿನ ಮಾತೇ ಬೇರೆ. ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಹಕ್ಕುಪತ್ರ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟು ಗಟ್ಟಿಯಾಗುವುದು ನೀರಿನೊಡನೆ ನಡೆಯುವ ಕ್ರಿಯೆಯಿಂದ. ಅದರ ತೂಕದ ನೂರಕ್ಕೆ 0.05ರಷ್ಟು ಸಕ್ಕರೆ ಸೇರಿದರೂ ಗಟ್ಟಿಯಾಗುವುದು ಕೆಲವು ಗಂಟೆ ತಡವಾಗುತ್ತದೆ. ನೂರಕ್ಕೆ ಒಂದರ ಸಮೀಪಕ್ಕೆ ಬಂದರೆ ಕಾಂಕ್ರೀಟೇ ಕೆಡುತ್ತದೆ. ಹಿರಿಯರ ಬೆಲ್ಲವನ್ನು ಅಳತೆಯಿಲ್ಲದೆ ಇಂದಿನ ಕಾಂಕ್ರೀಟಿಗೆ ಸುರಿಯುವ ಉತ್ಸಾಹ ಪರಂಪರೆಯ ಗೌರವವಲ್ಲ. ಹಳೆಯ ಸುಣ್ಣದ ಗೋಡೆಗೆ ಸಿಮೆಂಟು ಮೆತ್ತುವುದು ಇದಕ್ಕಿಂತಲೂ ಕೇಡು: ಒಳಗಿನ ತೇವ ಹೊರಹೋಗಲಾರದೆ ಗೋಡೆಯೇ ಒಳಗಿನಿಂದ ಉದುರತೊಡಗುತ್ತದೆ.

ಸಸ್ಯಮೂಲದ ವಸ್ತು ಕಾಂಕ್ರೀಟಿಗೆ ಹೊರತೇನೂ ಅಲ್ಲ. ಕಾಗದದ ಕಾರ್ಖಾನೆಗಳಲ್ಲಿ ಮರದ ತಿರುಳಿನಿಂದ ಬೇರ್ಪಡುವ ಲಿಗ್ನೋಸಲ್ಫೊನೇಟ್ ಕಡಿಮೆ ನೀರಿನಲ್ಲಿಯೇ ಕಾಂಕ್ರೀಟನ್ನು ಕಲಸಲು ಅನುವು ಮಾಡಿಕೊಟ್ಟು ಬಲವನ್ನು ಹೆಚ್ಚಿಸುತ್ತದೆ. ಹದವರಿತು ಸುಟ್ಟ ಭತ್ತದ ಉಮಿಯ ಬೂದಿಯಲ್ಲಿ ಸಿಲಿಕಾ ಹೇರಳವಾಗಿದ್ದು, ಅದು ಸಿಮೆಂಟಿನಲ್ಲಿ ಉಳಿಯುವ ಸುಣ್ಣದೊಡನೆ ಕೂಡಿ ಗಟ್ಟಿ ಬಂಧವಾಗುತ್ತದೆ. ಭಾರತೀಯ ಮಾನಕ 456ರ 2000ದ ಆವೃತ್ತಿ ಇದನ್ನು ಹೆಸರಿಸಿದೆ. ಕುಚ್ಚಲಕ್ಕಿಯ ಗಿರಣಿಗಳಿರುವ ಈ ಸೀಮೆಯಲ್ಲಿ ಉಮಿಗೆ ಬರವಿಲ್ಲ. ಗುಳಮಾವಿನ ಸ್ಥಿತಿ ಹಾಗಿಲ್ಲ. ಅಗರಬತ್ತಿಯ ಅಂಟಿಗಾಗಿ ತೊಗಟೆ ಸುಲಿದು ಸುಲಿದು ಘಟ್ಟದ ಕಾಡುಗಳಲ್ಲಿ ಆ ಮರವೇ ವಿರಳವಾಗುತ್ತಿದೆ.