ಕಲ್ಲಿನಂಥ ಆಲೂಗಡ್ಡೆ, ಬೆಳ್ಳಿಯಂಥ ಲಾಭ

ಫೋಟೋದಲ್ಲಿರೋದು ಜಲ್ಲಿಕಲ್ಲು ಅಂದ್ಕೊಂಡ್ರಾ? ಅಲ್ಲ, ಆಲೂಗಡ್ಡೆ! ಹೆಸರು ಚುನ್ಯೊ. ಸರಿಯಾಗಿ ಒಣಗಿಸಿ ಇಟ್ರೆ ವರ್ಷಗಟ್ಟಲೆ ಕೆಡಲ್ಲ.

ಊರು: ಪೆರು-ಬೊಲಿವಿಯಾ ಗಡಿಯ ಟಿಟಿಕಾಕಾ ಸರೋವರದ ಸುತ್ತಮುತ್ತ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರ. ಜೂನ್-ಜುಲೈ ಅಲ್ಲಿ ಚಳಿಗಾಲ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಚುರುಕು ಬಿಸಿಲು. ಅಲ್ಲಿನ ರೈತರು ಈ ಹವಾಮಾನವನ್ನೇ ಯಂತ್ರ ಮಾಡ್ಕೊಂಡ್ರು. ಆಲೂಗಡ್ಡೆಯನ್ನು ಬಯಲಲ್ಲಿ ಹರಡಿ ರಾತ್ರಿಯಿಡೀ ಬಿಡೋದು. ಹಗಲು ಕರಗಿ ಮೆತ್ತಗಾದ ಮೇಲೆ ಬರಿಗಾಲಲ್ಲಿ ತುಳಿದು ನೀರು ಹಿಂಡೋದು, ಒಣಗಿಸೋದು. ಹಸಿ ಗಡ್ಡೆಯಲ್ಲಿ ಶೇ. 80ರಷ್ಟು ನೀರೇ ತಾನೆ? ಅದು ಹೋದ್ರೆ ಕೊಳೆಯೋ ಭಯ ಇಲ್ಲ, ಹೊರೋಕೂ ಹಗುರ.

15ನೇ ಶತಮಾನದಲ್ಲಿ ಇಂಕಾ ದೊರೆಗಳು ಇದರ ಬೆಲೆ ಅರಿತರು. ಬೆಟ್ಟದ ಇಳಿಜಾರಲ್ಲಿ, ಗಾಳಿಯಾಡುವ ಕಡೆ, ಸಾಲುಸಾಲು ಕಲ್ಲಿನ ಉಗ್ರಾಣ ಕಟ್ಟಿಸಿದರು. ಅದಕ್ಕೆ 'ಕೊಲ್ಕಾ' ಅಂತ ಹೆಸರು. ಹುವಾನುಕೊ ಪಂಪಾ ಅನ್ನೋ ಒಂದೇ ಪಟ್ಟಣದಲ್ಲಿ ಇಂಥವು ಸುಮಾರು 500! ಉಗ್ರಾಣದ ದವಸ ಸೈನ್ಯಕ್ಕೆ, ರಾಜ್ಯದ ಕೆಲಸಕ್ಕೆ ಬಂದವರಿಗೆ ಹೋಗ್ತಿತ್ತು. ಬೆಳೆ ಕೈಕೊಟ್ಟ ವರ್ಷ ಜನರ ಹೊಟ್ಟೆಗೂ ಆಸರೆ.

ಆಮೇಲೆ ಸ್ಪೇನಿನವರು ಬಂದರು. 1545ರಲ್ಲಿ ಪೊಟೊಸಿಯಲ್ಲಿ ಬೆಳ್ಳಿ ಸಿಕ್ತು. ಬೆಳ್ಳಿ ಅಗೆಯುವ ಸ್ಥಳೀಯ ಕೂಲಿಗಳಿಗೆ ಊಟ ಬೇಕಲ್ಲ? ಗಣಿಗೆ ಚುನ್ಯೊ ಸಾಗಿಸಿ ಮಾರಿಯೇ ಎಷ್ಟೋ ಸ್ಪೇನಿನವರು ಶ್ರೀಮಂತರಾಗಿ ತಾಯ್ನಾಡಿಗೆ ಮರಳಿದರು ಅಂತ ಪೆದ್ರೊ ಸಿಯೆಸಾ ದೆ ಲಿಯೋನ್ 1553ರ ತನ್ನ ಪುಸ್ತಕದಲ್ಲೇ ಬರೆದಿದ್ದಾನೆ.

ಗಮನಿಸಿದ್ರಾ? ಬೆಳೆದವರು ರೈತರು, ಚಳಿಯಲ್ಲಿ ತುಳಿದವರೂ ಅವರೇ. ದುಡ್ಡು ಮಾತ್ರ ಸಾಗಿಸಿ ಮಾರಿದವರ ಜೇಬಿಗೆ.

ಇದನ್ನ ಈಗ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಹಾಸನದ ಆಲೂಗಡ್ಡೆ ನೆನಪಾಯ್ತು. ಮುಂಗಾರಲ್ಲಿ ಹಾಕಿ, ಮಳೆ ನಿಲ್ಲೋ ಮೊದಲೇ ಕೀಳೋ ಬೆಳೆ ಅದು. ಒದ್ದೆ ನೆಲದಿಂದ ಬಂದ ಗಡ್ಡೆ ಹೆಚ್ಚು ದಿನ ಕಾಯಲ್ಲ. ಎಲ್ಲರದ್ದೂ ಒಟ್ಟಿಗೆ ಮಾರುಕಟ್ಟೆಗೆ ಬಂದ್ರೆ ರೇಟು ಬೀಳುತ್ತೆ. ಆದ್ರೂ ರೈತ ಕೊಟ್ಟು ಬರಲೇಬೇಕು. ಅದೇ ಆಲೂಗಡ್ಡೆ ಚಿಪ್ಸ್ ಆದ್ರೆ ಒಂದು ಪ್ಯಾಕೆಟ್‌ಗೆ ನಾವು ಎಷ್ಟು ಕೊಡ್ತೀವಿ ನೋಡಿ!

ಶೈತ್ಯಾಗಾರ ಬೇಕು, ಚಿಪ್ಸ್ ಘಟಕ ಬೇಕು, ನಿಜ. ಆದರೆ ಆಂಡಿಸ್ ಕಲಿಸೋ ಪಾಠ ಇನ್ನೊಂದು ಹೆಜ್ಜೆ ಮುಂದಿದೆ: ಉಗ್ರಾಣದ ಬೀಗದ ಕೈ ಯಾರ ಹತ್ರ ಇದೆಯೋ, ಲಾಭ ಅವರದ್ದು. ಅದು ರೈತರ ಸಂಘದ ಕೈಗೆ ಬಂದ ದಿನ ಕತೆ ಬದಲಾಗುತ್ತೆ.

ನಿಮ್ಮ ಊರಲ್ಲಿ ಬೆಳೆ ಕೂಡಿಡೋ ಗೋದಾಮು ಯಾರದ್ದು? ಮನೆಯಲ್ಲಿ ಅಜ್ಜ-ಅಜ್ಜೀನ ಕೇಳಿ, ಕೆಳಗೆ ಬರೀರಿ 👇🥔

#ಇತಿಹಾಸ #ಆಲೂಗಡ್ಡೆ #ರೈತ #ಹಾಸನ