ಎರ್ಟ್ಸ್‌ಗೆಬಿರ್ಗೆ: ಗಣಿಗಾರರ ದೀಪ ಬೆಳಗುವ ಕ್ರಿಸ್‌ಮಸ್ ಸಂತೆಗಳು

ಜರ್ಮನಿಯ ಕ್ರಿಸ್‌ಮಸ್ ಸಂತೆ ಎಂದೊಡನೆ ನ್ಯೂರೆಂಬರ್ಗ್ ಹಾಗೂ ಡ್ರೆಸ್ಡೆನ್ ನಗರಗಳ ಹೆಸರು ಮೊದಲು ಕೇಳಿಬರುತ್ತದೆ. ಡ್ರೆಸ್ಡೆನ್ ನಗರದ ಸಂತೆಗೆ 1434ರಷ್ಟು ಹಿಂದಿನ ಇತಿಹಾಸವಿದೆ. ಆದರೆ ಈ ಸಂತೆಗಳಲ್ಲಿ ಮಾರಾಟವಾಗುವ ಅಕ್ರೋಟು ಒಡೆಯುವ ಸಿಪಾಯಿ ಗೊಂಬೆ, ಬಾಯಿಯಿಂದ ಧೂಪದ ಹೊಗೆಯುಗುಳುವ ಮುದುಕ, ಮೇಣದಬತ್ತಿಯ ಬಿಸಿಗೆ ತಾನೇ ತಿರುಗುವ ಮರದ ಗೋಪುರ ಇವೆಲ್ಲಕ್ಕೆ ಹೆಸರಾದ ತವರು ಡ್ರೆಸ್ಡೆನ್‌ನ ನೈಋತ್ಯಕ್ಕಿರುವ ಬೆಟ್ಟದ ಸೀಮೆ. ಜರ್ಮನಿಯ ಸ್ಯಾಕ್ಸನಿ ರಾಜ್ಯ ಹಾಗೂ ಜೆಕ್ ಗಣರಾಜ್ಯದ ಗಡಿಯುದ್ದಕ್ಕೂ ಚಾಚಿರುವ ಈ ಪರ್ವತಶ್ರೇಣಿಯ ಹೆಸರು ಎರ್ಟ್ಸ್‌ಗೆಬಿರ್ಗೆ. ಕನ್ನಡದಲ್ಲಿ ಹೇಳುವುದಾದರೆ ಅದಿರಿನ ಬೆಟ್ಟಗಳು.

ಎತ್ತರದಲ್ಲಿ ಇವು ಆಲ್ಪ್ಸ್ ಪರ್ವತಗಳಿಗೆ ಸಾಟಿಯಲ್ಲ. ಅತ್ಯುನ್ನತ ಶಿಖರ ಕ್ಲೀನೊವೆಟ್ಸ್ ಜೆಕ್ ಭಾಗದಲ್ಲಿದ್ದು, 1,244 ಮೀಟರ್ ಎತ್ತರವಿದೆ. ಜರ್ಮನ್ ಭಾಗದ ಫಿಖ್ಟೆಲ್‌ಬರ್ಗ್ ಅದಕ್ಕಿಂತ ತುಸು ಗಿಡ್ಡ. ಈ ಸೀಮೆಯ ಹಿರಿಮೆ ಇರುವುದು ನೆಲದ ಒಳಗೆ. ಸುಮಾರು ಎಂಟು ಶತಮಾನಗಳ ಕಾಲ ಇಲ್ಲಿಂದ ಬೆಳ್ಳಿ, ತವರ, ಕೋಬಾಲ್ಟ್ ಹಾಗೂ ಕೊನೆಗೆ ಯುರೇನಿಯಂ ತೆಗೆಯಲಾಯಿತು. ಇಲ್ಲಿನ ಕ್ರಿಸ್‌ಮಸ್ ಸಂತೆಯನ್ನು ಉಳಿದೆಡೆಯ ಸಂತೆಗಳಿಂದ ಬೇರ್ಪಡಿಸುವುದೂ ಈ ಗಣಿಗಳ ಇತಿಹಾಸವೇ. ಅದನ್ನು ಅರಿಯದೆ ಬರುವ ಪ್ರವಾಸಿಗನಿಗೆ ಕಾಣುವುದು ಅಂದವಾದ ಗೊಂಬೆಗಳು ಮಾತ್ರ.

ಬೆಳ್ಳಿಯಿಂದ ಹುಟ್ಟಿದ ಊರುಗಳು

ಫ್ರೈಬರ್ಗ್ ಬಳಿ ಬೆಳ್ಳಿಯ ಅದಿರು ಪತ್ತೆಯಾದದ್ದು 1168ರಲ್ಲಿ. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಎರಡನೆಯ ಬಾರಿ ಬೆಳ್ಳಿಯ ಭರಾಟೆ ಎದ್ದಾಗ, ಕಾಡು ಕಡಿದು ಹೊಸ ಪಟ್ಟಣಗಳನ್ನೇ ಕಟ್ಟಲಾಯಿತು. ಶ್ನೇಬರ್ಗ್, 1496ರಲ್ಲಿ ಸ್ಥಾಪನೆಯಾದ ಅನ್ನಾಬರ್ಗ್, 1521ರಲ್ಲಿ ಚೌಕಾಕಾರದ ಮಾರುಕಟ್ಟೆಯ ಸುತ್ತ ಅಳೆದು ಕಟ್ಟಿದ ಮರೀನ್‌ಬರ್ಗ್ ಅಂಥವು. ಗಡಿಯಾಚೆಯ ಯಾಖಿಮೊವ್ ಪಟ್ಟಣದಲ್ಲಿ ಟಂಕಿಸಿದ ಬೆಳ್ಳಿ ನಾಣ್ಯಕ್ಕೆ ಊರಿನ ಜರ್ಮನ್ ಹೆಸರಾದ ಯೋಹಾಕಿಮ್‌ಸ್ಟಾಲ್‌ನಿಂದ ಥಾಲರ್ ಎಂಬ ಹೆಸರು ಬಂತು. ಇಂದಿನ ಡಾಲರ್ ಎಂಬ ಪದದ ಮೂಲ ಅದೇ. ಈ ಇಡೀ ಗಣಿ ಪ್ರದೇಶವನ್ನು ಯುನೆಸ್ಕೊ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ 22 ತಾಣಗಳಲ್ಲಿ 17 ಜರ್ಮನಿಯಲ್ಲೂ 5 ಜೆಕ್ ಗಣರಾಜ್ಯದಲ್ಲೂ ಇವೆ.

ಚಳಿಗಾಲದಲ್ಲಿ ಇಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ನಸುಕಿಗೆ ಮುನ್ನ ಗಣಿಗಿಳಿದು ಕತ್ತಲಾದ ಮೇಲೆ ಮೇಲೆ ಬರುತ್ತಿದ್ದ ಕಾರ್ಮಿಕನಿಗೆ ವಾರಗಟ್ಟಲೆ ಹಗಲಿನ ಬೆಳಕೇ ಕಾಣುತ್ತಿರಲಿಲ್ಲ. ಹೀಗಾಗಿ ಕಿಟಕಿಯಲ್ಲಿ ದೀಪವಿಡುವುದು ಈ ಸೀಮೆಯಲ್ಲಿ ಅಲಂಕಾರಕ್ಕಿಂತ ಹೆಚ್ಚಿನ ಅರ್ಥ ಪಡೆಯಿತು. ಮನೆಯಲ್ಲಿ ಎಷ್ಟು ಗಂಡುಮಕ್ಕಳಿದ್ದಾರೋ ಅಷ್ಟು ಗಣಿಗಾರ ಗೊಂಬೆಗಳು, ಎಷ್ಟು ಹೆಣ್ಣುಮಕ್ಕಳೋ ಅಷ್ಟು ದೇವದೂತ ಗೊಂಬೆಗಳು, ಪ್ರತಿಯೊಂದರ ಕೈಯಲ್ಲೂ ಮೇಣದಬತ್ತಿ. ಬೀದಿಯಲ್ಲಿ ಹೋಗುವವರು ಕಿಟಕಿ ನೋಡಿಯೇ ಆ ಮನೆಯ ಮಕ್ಕಳ ಲೆಕ್ಕ ಹೇಳಬಹುದಿತ್ತು. ಈ ಪದ್ಧತಿ ಇಂದಿಗೂ ಪೂರ್ತಿ ಮರೆಯಾಗಿಲ್ಲ.

ಷ್ವಿಬ್‌ಬೋಗನ್ ಎಂಬ ಕಮಾನಿನಾಕಾರದ ದೀಪಸ್ತಂಭವೂ ಇಲ್ಲಿಯದೇ. ಈವರೆಗೆ ತಿಳಿದಂತೆ ಇಸವಿ ನಮೂದಿಸಿರುವ ಅತ್ಯಂತ ಹಳೆಯ ಷ್ವಿಬ್‌ಬೋಗನ್ 1740ರದ್ದು. ಯೋಹಾನ್‌ಗೆಯೋರ್ಗನ್‌ಸ್ಟಾಟ್ ಎಂಬ ಗಣಿ ಪಟ್ಟಣದ ಅದನ್ನು ಕಬ್ಬಿಣ ಬಡಿದು ಮಾಡಲಾಗಿತ್ತು. ಅದರ ಆಕಾರ ಗಣಿಯ ಸುರಂಗದ ಬಾಯನ್ನು ಸೂಚಿಸುತ್ತದೆ ಎಂದು ಹಲವರು ಹೇಳಿದರೆ, ಅದು ಆಕಾಶದ ಕಮಾನು ಎಂಬ ವಾದವೂ ಇದೆ. ಇಂದು ಎಲ್ಲೆಡೆ ಪ್ರಚಲಿತವಾಗಿರುವ ಚಿತ್ರವಿನ್ಯಾಸ ಮಾತ್ರ ಅಷ್ಟು ಹಳೆಯದಲ್ಲ. ಶ್ವಾರ್ಟ್ಸೆನ್‌ಬರ್ಗ್ ಪಟ್ಟಣದ ಪ್ರದರ್ಶನವೊಂದಕ್ಕಾಗಿ ಪೌಲಾ ಯೋರ್ಡಾನ್ ಎಂಬ ಕಲಾವಿದೆ 1937ರಲ್ಲಿ ಅದನ್ನು ರೂಪಿಸಿದರು. ಅದರಲ್ಲಿ ಇಬ್ಬರು ಗಣಿಗಾರರು, ಒಬ್ಬ ಮರಗೆತ್ತನೆಯವ ಹಾಗೂ ಕಸೂತಿ ಅಂಚು ಹೆಣೆಯುವ ಹೆಣ್ಣುಮಗಳು ಇದ್ದಾರೆ. ಒಂದೇ ಕಮಾನಿನೊಳಗೆ ಈ ಸೀಮೆಯ ಅನ್ನದ ಮೂರು ದಾರಿಗಳನ್ನೂ ಆಕೆ ತಂದುಬಿಟ್ಟರು.

ಯಾವ ಊರು, ಯಾವ ವಾರ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಅವಧಿಯನ್ನು ಕ್ರೈಸ್ತರು ಆಗಮನ ಕಾಲ ಎನ್ನುತ್ತಾರೆ. ಸಂತೆಗಳು ನಡೆಯುವುದು ಈ ಅವಧಿಯಲ್ಲಿ. ಭಾರತದಿಂದ ಹೋಗುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಕ್ರಿಸ್‌ಮಸ್ ರಜೆಗೆಂದು ಡಿಸೆಂಬರ್ 25ರ ಸುಮಾರಿಗೆ ತಲುಪಿದರೆ ಸಂತೆಯ ಮಳಿಗೆಗಳನ್ನು ಆಗಲೇ ಬಿಚ್ಚುತ್ತಿರುತ್ತಾರೆ. ಬಹುತೇಕ ಸಂತೆಗಳು 24ಕ್ಕೆ ಮುಂಚೆಯೇ ಮುಗಿಯುತ್ತವೆ. ಕೆಲವು ಚಿಕ್ಕ ಊರುಗಳಲ್ಲಿ ವಾರಾಂತ್ಯ ಮಾತ್ರ ಸಂತೆ ಸೇರುವುದರಿಂದ, ಆಯಾ ವರ್ಷದ ದಿನಾಂಕಗಳನ್ನು ಪಟ್ಟಣದ ಪ್ರವಾಸಿ ಕಚೇರಿಯಿಂದ ಖಚಿತಪಡಿಸಿಕೊಂಡೇ ವಿಮಾನದ ಟಿಕೆಟ್ ಕಾದಿರಿಸುವುದು ಒಳಿತು.

ದಿನ ಆಯ್ದುಕೊಳ್ಳುವಾಗ ಗಣಿಗಾರರ ಮೆರವಣಿಗೆಗಳನ್ನು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು. ಕಪ್ಪು ಅಂಗಿ, ಎತ್ತರದ ಟೋಪಿ, ಕೈಯಲ್ಲಿ ಕೊಡಲಿ ಇಲ್ಲವೇ ದೀಪ, ಬೆನ್ನ ಕೆಳಗೆ ಕಟ್ಟಿದ ತೊಗಲಿನ ತುಂಡು, ಇದು ಅವರ ವೇಷ. ಒದ್ದೆ ಬಂಡೆಯ ಮೇಲೆ ಕುಳಿತು ಕೆಲಸ ಮಾಡುವವನ ಬಟ್ಟೆ ಹರಿಯದಿರಲೆಂದು ಆ ತೊಗಲು. ಅದನ್ನೂ ಬಿಡದೆ ಉಳಿಸಿಕೊಂಡಿದ್ದಾರೆ. ಹಿತ್ತಾಳೆ ವಾದ್ಯಗಳ ಮೇಳದೊಂದಿಗೆ ಸಾಗುವ ಮೆರವಣಿಗೆ ಗಣಿ ಮೇಸ್ತ್ರಿಯ ಆಗಮನವನ್ನು ಸಾರುವ ಸ್ಟೈಗರ್‌ಲೀಡ್ ಎಂಬ ಹಾಡಿಗೆ ಬರುವಾಗ, ಬದಿಯಲ್ಲಿ ನಿಂತ ಜನರೂ ದನಿಗೂಡಿಸುತ್ತಾರೆ. ಸ್ಯಾಕ್ಸನಿಯ ಈ ಮೆರವಣಿಗೆಗಳನ್ನು 2016ರಲ್ಲಿಯೂ ಆ ಹಾಡುವ ಸಂಪ್ರದಾಯವನ್ನು 2023ರಲ್ಲಿಯೂ ಜರ್ಮನಿಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಲಾಗಿದೆ.

ವಾಡಿಕೆಯಂತೆ ಫ್ರೈಬರ್ಗ್‌ನ ಮೆರವಣಿಗೆ ಎರಡನೆಯ ಆಗಮನ ಭಾನುವಾರದ ಹಿಂದಿನ ಸಂಜೆ ನಡೆಯುತ್ತದೆ. ಅದೇ ವಾರಾಂತ್ಯ ಶ್ನೇಬರ್ಗ್‌ನಲ್ಲಿ ದೀಪೋತ್ಸವ, ಮೂರನೆಯ ಭಾನುವಾರ ಮರೀನ್‌ಬರ್ಗ್‌ನಲ್ಲಿ ಮೆರವಣಿಗೆ. ನಾಲ್ಕನೆಯ ಭಾನುವಾರದ ಆಸುಪಾಸಿಗೆ ಅನ್ನಾಬರ್ಗ್‌ನಲ್ಲಿ ಎಲ್ಲ ಊರುಗಳ ತಂಡಗಳೂ ಕೂಡಿ ನಡೆಸುವ ಸಮಾಪ್ತಿ ಮೆರವಣಿಗೆಯೇ ಇವುಗಳಲ್ಲಿ ಬಲು ದೊಡ್ಡದು. ಒಂದೇ ಒಂದು ದಿನ ಕೈಯಲ್ಲಿರುವವರು ಅನ್ನಾಬರ್ಗ್ ಆರಿಸಿಕೊಂಡರೆ ನಷ್ಟವಿಲ್ಲ. ಜನಜಂಗುಳಿಗೆ ಹಿಂಜರಿಯುವವರಿಗೆ ಮಾತ್ರ ವಾರದ ನಡುವಿನ ಫ್ರೈಬರ್ಗ್ ಮೇಲು.

ಅನ್ನಾಬರ್ಗ್‌ನ ಸಂತೆ ಸೇರುವುದು ಇಳಿಜಾರಾದ ಮಾರುಕಟ್ಟೆ ಚೌಕದಲ್ಲಿ. ನಡುವೆ ಕಾರಂಜಿಯ ಮೇಲೆ ಬಾರ್ಬರಾ ಉಟ್‌ಮನ್ ಪ್ರತಿಮೆಯಿದೆ. ಹದಿನಾರನೆಯ ಶತಮಾನದ ಈ ಉದ್ಯಮಿ, ಗಣಿ ಕೆಲಸ ಕುಗ್ಗತೊಡಗಿದ ಕಾಲದಲ್ಲಿ ನೂರಾರು ಹೆಂಗಸರಿಗೆ ಕಸೂತಿ ಅಂಚು ಹೆಣೆಯುವ ಕೆಲಸ ಕೊಟ್ಟವರು. ಚೌಕದಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ 1499ರಿಂದ 1525ರ ನಡುವೆ ಕಟ್ಟಿದ ಸಂತ ಅನ್ನಮ್ಮನವರ ಚರ್ಚ್ ಇದೆ. ಸಂತೆಯ ಗದ್ದಲದಲ್ಲಿ ಇದನ್ನು ಬಿಟ್ಟುಬರುವವರೇ ಹೆಚ್ಚು. ಒಳಗಿನ ಗಣಿಗಾರರ ಪೂಜಾಪೀಠದ ಹಿಂಬದಿಗೆ ಹೋಗಿ ನೋಡಬೇಕು. ಹಾನ್ಸ್ ಹೆಸ್ಸೆ 1521ರಲ್ಲಿ ಬರೆದ ಚಿತ್ರಗಳಲ್ಲಿ ಬೆಟ್ಟ ಅಗೆಯುವವರು, ಅದಿರು ತೊಳೆಯುವ ಹೆಂಗಸರು, ಕರಗಿಸುವವರು, ನಾಣ್ಯ ಟಂಕಿಸುವವರು ತುಂಬಿದ್ದಾರೆ. ದೇವರ ಪೀಠದ ಬೆನ್ನಿಗೆ ಊರಿನ ದುಡಿಮೆಯನ್ನೇ ಬಿಡಿಸಿಟ್ಟ ಇಂಥ ಉದಾಹರಣೆ ವಿರಳ. 2010ರಲ್ಲಿ ಇದೇ ಊರಿನಲ್ಲಿ ತೆರೆದ ‘ಕನಸುಗಳ ಕಾರ್ಖಾನೆ’ ಎಂಬ ಅರ್ಥದ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಗೊಂಬೆಗಳ ಬೃಹತ್ ಸಂಗ್ರಹವಿದೆ. ಸಂತೆಯಲ್ಲಿ ಏನನ್ನಾದರೂ ಕೊಳ್ಳುವ ಮುನ್ನ ಇದನ್ನು ನೋಡಿದರೆ ಕಣ್ಣು ಪಳಗುತ್ತದೆ.

ತವರ ಮುಗಿದ ಮೇಲೆ ಮರ

ಗೊಂಬೆಗಳ ಮೂಲಕ್ಕೆ ಹೋಗಬೇಕೆಂದರೆ ಗಡಿಯಂಚಿನ ಝೈಫೆನ್ ಗ್ರಾಮಕ್ಕೆ ಹೋಗಬೇಕು. ಹೊಳೆಯ ಮರಳಿನಿಂದ ತವರ ತೊಳೆದು ತೆಗೆಯುವ ಕಸುಬಿನಿಂದಲೇ ಊರಿಗೆ ಆ ಹೆಸರು. ತವರ ಬರಿದಾಗುತ್ತಾ ಬಂದಂತೆ, ಗಣಿಗೆ ನೀರು ಹಾಯಿಸುತ್ತಿದ್ದ ಹಳ್ಳಗಳನ್ನೇ ಮರ ಕಡೆಯುವ ಲೇತ್ ತಿರುಗಿಸಲು ಬಳಸಿಕೊಂಡರು. ಕತ್ತಿ ಹಿಡಿದ ರಾಜ, ಪೊಲೀಸಿನವ, ಸಿಪಾಯಿ ಮುಂತಾದ ದರ್ಪದ ಮಂದಿಯನ್ನೇ ಅಕ್ರೋಟು ಒಡೆಯುವ ಗೊಂಬೆಗಳಾಗಿ ಮಾಡಿದ್ದರಲ್ಲಿ ಬಡವರ ಚೇಷ್ಟೆಯಿದೆ ಎಂದು ಇಲ್ಲಿನವರು ಹೇಳುತ್ತಾರೆ. ಈ ಗೊಂಬೆಯನ್ನು ಇಂದಿನ ರೂಪದಲ್ಲಿ ಸುಮಾರು 1870ರಲ್ಲಿ ಕಡೆದ ಕೀರ್ತಿ ಝೈಫೆನ್‌ನ ವಿಲ್ಹೆಲ್ಮ್ ಫ್ರೀಡ್ರಿಖ್ ಫ್ಯುಖ್ಟ್‌ನರ್ ಅವರದು.

ಇದಕ್ಕಿಂತಲೂ ಅಚ್ಚರಿಯ ಕಸುಬು ಉಂಗುರ ಕಡೆತ. ನೀರಿನಲ್ಲಿ ನೆನೆದ ಸ್ಪ್ರೂಸ್ ಮರದ ಅಡ್ಡ ತುಂಡನ್ನು ಲೇತ್‌ಗೆ ಏರಿಸಿ, ಬಗೆಬಗೆಯ ಉಳಿಗಳಿಂದ ದೊಡ್ಡ ಬಳೆಯಂತೆ ಕಡೆಯುತ್ತಾರೆ. ಬಳೆಯನ್ನು ನೋಡಿದರೆ ಏನೂ ತಿಳಿಯದು. ಅದನ್ನು ಕತ್ತಿಯಿಂದ ಹಲಸಿನ ತೊಳೆಗಳಂತೆ ಸೀಳಿದಾಗ ಪ್ರತಿ ಹೋಳಿನ ಅಡ್ಡಕೊಯ್ತದಲ್ಲೂ ಒಂದು ಹಸುವೋ ಕುದುರೆಯೋ ಆನೆಯೋ ಮೂಡಿರುತ್ತದೆ. ಕಡೆಯುವಾಗ ಪ್ರಾಣಿಯ ಆಕಾರ ಕುಶಲಕರ್ಮಿಗೆ ಕಾಣುವುದಿಲ್ಲ, ಕೈಯ ಅಂದಾಜೇ ಎಲ್ಲ. ಹೀಗೆ ಒಂದೇ ಬಳೆಯಿಂದ ಹತ್ತಾರು ಪ್ರಾಣಿಗಳು ದೊರೆಯುವುದರಿಂದ ಅಗ್ಗವಾಗಿ ಮಾರಲು ಸಾಧ್ಯವಾಯಿತು. ಬಡತನವೇ ಕಲಿಸಿದ ಜಾಣ್ಮೆ ಇದು. ಇಂದು ಈ ವಿದ್ಯೆ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಝೈಫೆನ್‌ನ ಬಯಲು ವಸ್ತುಸಂಗ್ರಹಾಲಯದಲ್ಲಿ ನೀರಿನ ಚಕ್ರದ ಹಳೆಯ ಕಡೆತದ ಮನೆಯಿದೆ. ಗೊಂಬೆ ವಸ್ತುಸಂಗ್ರಹಾಲಯ 1953ರದ್ದು. ಮರದ ಆಟಿಕೆ ಮಾಡುವ ಕಸುಬನ್ನು ಕ್ರಮಬದ್ಧವಾಗಿ ಕಲಿಸುವ ಶಾಲೆಯೂ ಈ ಊರಿನಲ್ಲಿದೆ.

ಕಸುಬು ಉಳಿದದ್ದು ಸಲೀಸಾಗಿ ಅಲ್ಲ. ಪೂರ್ವ ಜರ್ಮನಿಯ ಕಾಲದಲ್ಲಿ ಖಾಸಗಿ ಕಾರ್ಖಾನೆಗಳಲ್ಲಿ ಬಹಳಷ್ಟನ್ನು 1972ರಲ್ಲಿ ರಾಷ್ಟ್ರೀಕರಿಸಲಾಯಿತು. ವಿದೇಶಿ ವಿನಿಮಯಕ್ಕಾಗಿ ಗೊಂಬೆಗಳು ಪಶ್ಚಿಮಕ್ಕೆ ರಫ್ತಾಗುತ್ತಿದ್ದು, ಮಾಡಿದವರ ನಾಡಿನ ಅಂಗಡಿಗಳಲ್ಲೇ ಅವು ಸುಲಭವಾಗಿ ಸಿಗುತ್ತಿರಲಿಲ್ಲ. 1990ರ ಏಕೀಕರಣದ ನಂತರ ಕುಟುಂಬಗಳು ಕಾರ್ಖಾನೆಗಳನ್ನು ಮರಳಿ ಪಡೆದರೂ, ಏಷ್ಯಾದಿಂದ ಬರುವ ಅಗ್ಗದ ನಕಲುಗಳ ಪೈಪೋಟಿ ಎದುರಾಯಿತು. ಸಂತೆಯಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇರಬಹುದು. ಕುಶಲಕರ್ಮಿಗಳ ಸಂಘದ ‘ಎಖ್ಟ್ ಎರ್ಟ್ಸ್‌ಗೆಬಿರ್ಗೆ’ ಮುದ್ರೆ ಇದೆಯೇ ಎಂದು ನೋಡುವುದು, ಎಲ್ಲಿ ತಯಾರಾಯಿತೆಂದು ಕೇಳುವುದು ಕ್ಷೇಮ. ಅಸಲಿ ಗೊಂಬೆಗೆ ಹತ್ತಾರು ಯೂರೋ, ದೊಡ್ಡ ಗೋಪುರಕ್ಕೆ ನೂರಾರು ಯೂರೋ ಬೆಲೆಯಿರುತ್ತದೆ. ತೀರ ಅಗ್ಗವಾಗಿದ್ದರೆ ಸಂಶಯಪಡಬೇಕು. ಹಗುರವಾದ ಉಡುಗೊರೆ ಬೇಕಿದ್ದವರಿಗೆ ಶಂಕುವಿನಾಕಾರದ ಧೂಪದ ಬತ್ತಿಗಳಿವೆ. ಇದ್ದಿಲು, ಆಲೂಗೆಡ್ಡೆಯ ಪಿಷ್ಟ, ಸಾಂಬ್ರಾಣಿಯ ಜಾತಿಯ ಅಂಟು, ಶ್ರೀಗಂಧ ಸೇರಿದ ಇವುಗಳ ವಾಸನೆ ಕನ್ನಡಿಗರಿಗೆ ಅಷ್ಟೇನೂ ಅಪರಿಚಿತವೆನಿಸದು.

ಇಲ್ಲಿನ ಗಣಿಗಳ ಕತೆಯಲ್ಲಿ ಕರಾಳ ಅಧ್ಯಾಯವೂ ಇದೆ. ಶ್ನೇಬರ್ಗ್ ಗಣಿಗಾರರನ್ನು ಶತಮಾನಗಳಿಂದ ಬಲಿ ಪಡೆಯುತ್ತಿದ್ದ ಎದೆರೋಗ ಶ್ವಾಸಕೋಶದ ಅರ್ಬುದವೆಂದು 1879ರಲ್ಲಿ ಹೆರ್ಟಿಂಗ್ ಮತ್ತು ಹೆಸ್ಸೆ ಎಂಬ ವೈದ್ಯರು ಗುರುತಿಸಿದರು. ಬಂಡೆಯೊಳಗಿನ ವಿಕಿರಣಶೀಲ ರೇಡಾನ್ ಅನಿಲ ಅದಕ್ಕೆ ಕಾರಣವೆಂದು ತಿಳಿದದ್ದು ಆಮೇಲೆ. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಅಣ್ವಸ್ತ್ರ ಯೋಜನೆಗೆ ವಿಸ್ಮುತ್ ಸಂಸ್ಥೆ ಇಲ್ಲಿ ಯುರೇನಿಯಂ ತೆಗೆಯಿತು. ನೆರೆಯ ತ್ಯೂರಿಂಗಿಯಾ ಸೇರಿ 1990ರವರೆಗೆ ತೆಗೆದದ್ದು ಸುಮಾರು 2.31 ಲಕ್ಷ ಟನ್. ಮೊದಲ ಷ್ವಿಬ್‌ಬೋಗನ್ ಬೆಳಗಿದ ಯೋಹಾನ್‌ಗೆಯೋರ್ಗನ್‌ಸ್ಟಾಟ್‌ನ ಹಳೆಯ ಊರಿನ ಬಹುಭಾಗವನ್ನು ಆ ಗಣಿಗಾರಿಕೆಯ ಕಾರಣ 1950ರ ದಶಕದಲ್ಲಿ ಕೆಡವಲಾಯಿತು. ಅಲ್ಲಿಗೆ ಹೋದವರು ಚಾರಿತ್ರಿಕ ಪೇಟೆಯನ್ನು ಹುಡುಕಿ ಫಲವಿಲ್ಲ.

ಪ್ರಯಾಣ, ಊಟ, ಚಳಿ

ಬರ್ಲಿನ್, ಡ್ರೆಸ್ಡೆನ್, ಲೈಪ್‌ಜಿಗ್ ಅಥವಾ ಪ್ರಾಗ್ ಮೂಲಕ ಈ ಸೀಮೆಯನ್ನು ತಲುಪಬಹುದು. ಫ್ರೈಬರ್ಗ್ ಡ್ರೆಸ್ಡೆನ್–ಕೆಮ್ನಿಟ್ಸ್ ಮುಖ್ಯ ರೈಲು ಮಾರ್ಗದಲ್ಲಿದೆ. ಟಿಕೆಟ್ ಕೊಳ್ಳುವಾಗ ನೈಋತ್ಯ ಜರ್ಮನಿಯ ಫ್ರೈಬುರ್ಗ್ ನಗರದೊಂದಿಗೆ ಇದನ್ನು ಬೆರೆಸಿಕೊಂಡರೆ ದೇಶದ ಇನ್ನೊಂದು ಮೂಲೆಗೆ ಹೋಗಬೇಕಾದೀತು. ಅನ್ನಾಬರ್ಗ್‌ಗೆ ಕೆಮ್ನಿಟ್ಸ್‌ನಿಂದ ರೈಲಿದೆ. ಝೈಫೆನ್‌ಗೆ ರೈಲಿಲ್ಲ, ಬಸ್ಸೇ ಗತಿ. ಅಲ್ಲಿ ತಂಗಲು ಯೋಚಿಸುವವರು ತಿಂಗಳುಗಳ ಮೊದಲೇ ಕೊಠಡಿ ಗೊತ್ತುಮಾಡಬೇಕು. ಉಗಿಬಂಡಿಯ ಆಸಕ್ತರಿಗೆ ಕ್ರಾನ್‌ಟ್ಸಾಲ್‌ನಿಂದ ಒಬರ್‌ವೀಸೆನ್‌ಟಾಲ್‌ವರೆಗೆ 1897ರಲ್ಲಿ ಆರಂಭವಾದ 17 ಕಿಲೋಮೀಟರ್‌ನ ಕಿರುಗಾತ್ರದ ಹಳಿಯಿದೆ.

ಚಳಿ ಸೊನ್ನೆಗಿಂತ ಕೆಳಗಿಳಿಯುವುದು ಸಾಮಾನ್ಯ. ಕಲ್ಲುಹಾಸಿನ ಬೀದಿ ಹಿಮದಲ್ಲಿ ಜಾರುವುದರಿಂದ ಕೋಟಿಗಿಂತ ಮೊದಲು ಗಟ್ಟಿ ತಳದ ಬೂಟಿಗೆ ಹಣ ಹಾಕಬೇಕು. ಚಳಿ ತಾಳದಿದ್ದರೆ ಗಣಿಗಿಳಿಯಬಹುದು. ಫ್ರೈಬರ್ಗ್‌ನ ರೈಖೆ ಜೆಖೆ, ಅನ್ನಾಬರ್ಗ್ ಪಕ್ಕದ ಫ್ರೋನಾವ್‌ನ ಹಳೆಯ ಸುರಂಗ ಮುಂತಾದೆಡೆ ಮಾರ್ಗದರ್ಶಕರೊಂದಿಗೆ ಒಳಗೆ ಹೋಗಿಬರಲು ಅವಕಾಶವಿದೆ. ಸಂತೆಯಲ್ಲಿ ಬಿಸಿ ದ್ರಾಕ್ಷಾರಸ ಕೊಡುವ ಬಟ್ಟಲಿಗೆ ಮುಂಗಡ ಹಣ ಹಿಡಿಯುತ್ತಾರೆ. ಬಟ್ಟಲು ಹಿಂದಿರುಗಿಸಿದರೆ ಅದು ವಾಪಸು. ಮದ್ಯವಿಲ್ಲದ ಹಣ್ಣಿನ ಬಿಸಿ ಪಾನೀಯವೂ ಸಿಗುತ್ತದೆ. ಸಸ್ಯಾಹಾರಿಗಳಿಗೆ ಹುರಿದ ಬಾದಾಮಿ ಹಾಗೂ ಬೇಯಿಸಿದ ಆಲೂಗೆಡ್ಡೆಗೆ ಗಟ್ಟಿ ಮೊಸರಿನಂಥ ಕ್ವಾರ್ಕ್ ಬೆರೆಸಿ ಕರಿದ ಸಿಹಿ ಬಿಲ್ಲೆಗಳಿವೆ. ಬಿಲ್ಲೆಯಲ್ಲಿ ಸಾಮಾನ್ಯವಾಗಿ ಮೊಟ್ಟೆಯಿರುತ್ತದೆ. ಎಲ್ಲ ಮಳಿಗೆಗಳಲ್ಲೂ ಕಾರ್ಡ್ ನಡೆಯದ ಕಾರಣ ಚಿಲ್ಲರೆ ಯೂರೋ ಕೈಯಲ್ಲಿರಲಿ. 2024ರ ಡಿಸೆಂಬರ್‌ನಲ್ಲಿ ಮ್ಯಾಗ್ಡೆಬರ್ಗ್ ನಗರದ ಸಂತೆಯ ಮೇಲೆ ಕಾರು ನುಗ್ಗಿಸಿ ನಡೆದ ದಾಳಿಯ ನಂತರ ಜರ್ಮನಿಯ ಸಂತೆಗಳಲ್ಲಿ ಭದ್ರತೆ ಬಿಗಿಯಾಗಿದ್ದು, ದಾರಿಗಳಿಗೆ ಅಡ್ಡಗಟ್ಟೆಗಳನ್ನು ಇಟ್ಟಿರುತ್ತಾರೆ.

ರಜೆ ಹೊಂದದೆ ಸಂತೆ ಮುಗಿದ ಮೇಲೆಯೇ ಹೋಗುವವರು ಪೂರ್ತಿ ನಿರಾಶರಾಗಬೇಕಿಲ್ಲ. ಮನೆಗಳ ಕಿಟಕಿದೀಪಗಳನ್ನು ಇಲ್ಲಿ ಜನವರಿ 6ರವರೆಗೆ, ಹಳೆಯ ವಾಡಿಕೆ ಪಾಲಿಸುವ ಮನೆಗಳಲ್ಲಿ ಫೆಬ್ರವರಿ 2ರ ದೀಪದ ಹಬ್ಬದವರೆಗೆ ತೆಗೆಯುವುದಿಲ್ಲ. ಆ ವೇಳೆಗೆ ಬೀದಿಗಳಲ್ಲಿ ಜನ ಕಡಿಮೆ, ಕೊಠಡಿಗಳ ಬಾಡಿಗೆಯೂ ಇಳಿದಿರುತ್ತದೆ.